ಸತ್ಯಾಂಶ: ಸರ್ಕಾರಿ ಶಾಲೆಯಲ್ಲಿ ಐದನೇ ತನಕ ಇಂಗ್ಲಿಷ್ ಇಲ್ವಾ?

'ಸರ್ಕಾರಿ ಶಾಲೆಗೆ ಹೆಸರು ಹಚ್ಚಿದರೆ ಐದನೇ ತನಕ ಮಗು ಎಬಿಸಿಡಿ ನೋಡೋದೇ ಇಲ್ಲ.' ಜಮಖಂಡಿ ಕಡೆಯ ಪಾಲಕರ ಗ್ರೂಪಿಗೆ ಜೂನ್ ಬಂತೆಂದರೆ ಈ ಮೆಸೇಜು ಹಾಜರ್. ನಾವು ಓದುವಾಗ ಹಾಗಿತ್ತು, ನಿಜ. ಆದರೆ 2007ರಿಂದಲೇ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವೂ ಶುರುವಾಯಿತು. ಭಾಷೆ ಬೇರೆ, ಮಾಧ್ಯಮ ಬೇರೆ. ಗೊಂದಲ ಆಗೋದು ಇಲ್ಲೇ. ಕನ್ನಡ ಮಾಧ್ಯಮದಲ್ಲಿ ಲೆಕ್ಕ ಕನ್ನಡದಲ್ಲಿ, ಇಂಗ್ಲಿಷ್‌ಗೆ ಬೇರೆ ಪುಸ್ತಕ. ನಮ್ಮ ಓಣಿಯ ಎರಡನೇ ತರಗತಿ ಹುಡುಗಿ ಬಿಸ್ಕಿಟ್ ಪಾಕೀಟಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತಾಳೆ.

ಹಾಗಂತ ಪಾಲಕರ ಸಿಟ್ಟು ಸುಮ್ನೆ ಅಲ್ಲ. ಶಿಕ್ಷಕರು ಕಡಿಮೆ ಇದ್ದಲ್ಲಿ ಪುಸ್ತಕ ಇದ್ದರೂ ಓದಿಸೋಕೆ ಹೊತ್ತು ಸಾಲಲ್ಲ. ಶಾಲೆಗೆ ಹೋದಾಗ ಕೇಳಬೇಕಾದ್ದು ಅದನ್ನು, ಅಲ್ವಾ?