ನೆರವಿನ ಅರ್ಜಿ ತುಂಬಲು ನೆರವು ಯಾರು ಕೊಡುತ್ತಾರೆ?

ಇವತ್ತು ನೆರವಿನ ಯೋಜನೆಯವರ ಮೇಲ್ ಬಂತು. ‘ನಿಗದಿತ ದಿನದೊಳಗೆ ಉತ್ತರ ಬಾರದ ಕಾರಣ ನಿಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.’ ನಾನು ಅವರಿಗಾಗಿ ಕಾದದ್ದು ಏಳು ತಿಂಗಳು. ಅವರು ನನಗಾಗಿ ಕಾದದ್ದು ಹತ್ತು ದಿನ.

ನನಗೆ ಎಡಿಎಚ್‌ಡಿ ಇದೆ, ಅಂದರೆ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಗಮನ ಮತ್ತು ಚಡಪಡಿಕೆಯ ತೊಂದರೆ. ನನ್ನಂಥವರು ಕೆಲಸ ಉಳಿಸಿಕೊಳ್ಳಲಿ ಅಂತ ಕೋಚ್, ಸಾಫ್ಟ್‌ವೇರ್, ಹೆಡ್‌ಫೋನ್‌ಗೆಲ್ಲ ದುಡ್ಡು ಕೊಡುವ ಯೋಜನೆ ಅದು. ನಾನು ಕೇಳಿದ್ದು ವಾರಕ್ಕೆ ಒಂದು ಗಂಟೆ ಕೋಚ್. ಎದುರಿಗೆ ಕೂತು, ‘ಇದನ್ನು ಮೂರು ಭಾಗ ಮಾಡೋಣ, ಮೊದಲು ಯಾವುದು?’ ಅಂತ ಕೇಳುವವರು ಒಬ್ಬರು. ಅಷ್ಟೇ.

ಅದಕ್ಕೆ ಅವರು ಕೇಳಿದ್ದು: ಉದ್ದದ ಫಾರಂ, ಡಾಕ್ಟರ ಪತ್ರ, ಮ್ಯಾನೇಜರ್ ಸಹಿ, ಮೂರು ಕಡೆಯಿಂದ ಕೊಟೇಶನ್. ಒಂದೊಂದಕ್ಕೂ ಬೇರೆ ಬೇರೆ ಮೇಲ್, ಬೇರೆ ಬೇರೆ ಕೊನೇ ದಿನ. ಮಧ್ಯೆ ಯಾವುದೋ ಗೊತ್ತಿಲ್ಲದ ನಂಬರಿಂದ ಫೋನ್ ಬರುತ್ತದೆ. ಎತ್ತದಿದ್ದರೆ ಮತ್ತೆ ಸಾಲಿನ ಕೊನೆಗೆ.

ಎಡಿಎಚ್‌ಡಿ ಅಂದರೆ ಬರೀ ಗಮನ ಇಲ್ಲದಿರುವುದು ಅಲ್ಲ ಸ್ವಾಮಿ. ಕೆಲಸ ಶುರು ಮಾಡುವುದು, ಹಲವು ಹಂತಗಳನ್ನು ತಲೆಯಲ್ಲಿ ಇಟ್ಟುಕೊಳ್ಳುವುದು, ಹೊತ್ತು ಎಷ್ಟಾಯಿತು ಅಂತ ಅಂದಾಜು ಸಿಗುವುದು, ಇವೇ ಕಷ್ಟ. ನೀವು ಪರೀಕ್ಷೆ ಇಟ್ಟಿರುವುದೂ ಸರಿಯಾಗಿ ಇವುಗಳಲ್ಲೇ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗೆ. (ಗಾದೆ ಒರಟು, ಗೊತ್ತು. ಇವತ್ತು ಅದೇ ಬಾಯಿಗೆ ಬರುತ್ತಿದೆ.)

ಡಾಕ್ಟರ ಪತ್ರದ್ದೇ ಒಂದು ಕತೆ. 2013ರ ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಕೈಪಿಡಿ) ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಹಾಗಾಗಿ ನನ್ನ ಹಳೇ ಶಾಲೆಯ ರಿಪೋರ್ಟ್ ಕಾರ್ಡ್ ಬೇಕಾಯಿತು. ಎಲ್ಲವನ್ನೂ ಕಳೆದುಕೊಳ್ಳುವ ಮನುಷ್ಯನ ಹತ್ತಿರ ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್! ಅಮ್ಮ ಇಟ್ಟಿದ್ದಳು, ಬಚಾವ್.

ಕೊನೆಗೆ ಫೋನಿನಲ್ಲಿ ಸಂದರ್ಶನ. ಆ ಕಡೆಯವರು ಬಲು ವಿನಯದಿಂದ, ‘ಅರ್ಜಿ ತುಂಬಾ ನೀಟಾಗಿ ತುಂಬಿದ್ದೀರಿ, ನಿಮಗೆ ಅಷ್ಟೊಂದು ತೊಂದರೆ ಇದ್ದ ಹಾಗೆ ಕಾಣಲ್ಲ’ ಅಂದರು. ಅದನ್ನು ತುಂಬಿಸಿದ್ದು ನನ್ನ ಅಕ್ಕ. ಒಂದು ಇಡೀ ಭಾನುವಾರ, ನನ್ನ ಮೊಬೈಲ್ ಕಿತ್ತಿಟ್ಟುಕೊಂಡು.

ಆಫೀಸಿನವರದ್ದು ಇನ್ನೊಂದು ಚಂದ. ಮೀಟಿಂಗ್ ಆದ ಮೇಲೆ ಏನು ಮಾಡಬೇಕು ಅಂತ ಎರಡು ಸಾಲು ಬರೆದು ಕಳಿಸಿ ಅಂತ ಕೇಳಿದ್ದೆ. ಇದಕ್ಕೆ ಯಾವ ನಿಧಿಯೂ ಬೇಡ, ಒಂದು ಪೈಸೆ ಖರ್ಚಿಲ್ಲ. ‘ಯೋಜನೆಯವರು ಏನು ಹೇಳ್ತಾರೋ ನೋಡೋಣ’ ಅಂತ ಎಚ್‌ಆರ್. ಯೋಜನೆಯವರನ್ನು ಕೇಳಿದರೆ, ‘ಮೊದಲು ನಿಮ್ಮ ಕಂಪನಿ ಏನು ಮಾಡಿದೆ ಅಂತ ತೋರಿಸಿ.’ ಮ್ಯಾನೇಜರ್‌ದು ಇವೆರಡಕ್ಕಿಂತ ಸುಲಭ: ‘ಮರೆವು ಎಲ್ಲರಿಗೂ ಇರುತ್ತೆ, ಅಲ್ವಾ?’ ಕೆಲಸದ ಜಾಗದಲ್ಲಿ ಅಂಗವಿಕಲರಿಗೆ ಬೇಕಾದ ಹೊಂದಾಣಿಕೆಯನ್ನು, ಅದು ಮಿತಿಮೀರಿದ ಹೊರೆ ಅಲ್ಲದಿದ್ದರೂ, ನಿರಾಕರಿಸಿದರೆ ಅದು ತಾರತಮ್ಯ ಅಂತ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳಿದ್ದು 2006ರಲ್ಲಿ. ಎರಡು ಸಾಲಿನ ಮೇಲ್ ಯಾರಿಗೆ ಹೊರೆ, ಹೇಳಿ?

ಮಂಜೂರಾದವರಾದರೂ ಸುಖವಾಗಿದ್ದಾರಾ ಅಂದರೆ, ಅದೂ ಇಲ್ಲ. ನನ್ನ ಗೆಳೆಯನೊಬ್ಬನಿಗೆ ಕೋಚ್ ಮಂಜೂರಾಯಿತು. ಮೊದಲು ತನ್ನ ಜೇಬಿನಿಂದ ಕೊಡಬೇಕು. ಆಮೇಲೆ ತಿಂಗಳು ತಿಂಗಳೂ ಬಿಲ್‌ಗೆ ಮ್ಯಾನೇಜರ್ ಸಹಿ ಹಾಕಿಸಿ ಕಳಿಸಬೇಕು, ಗಡುವು ದಾಟಿದರೆ ದುಡ್ಡಿಲ್ಲ. ನಾಲ್ಕು ತಿಂಗಳ ಬಿಲ್ ಬ್ಯಾಗಿನಲ್ಲೇ ಉಳಿಯಿತು. ಕೋಚ್‌ಗೆ ಬೇಡ ಅಂದುಬಿಟ್ಟ. ಬಿಲ್ ಕಳಿಸಲು ನೆನಪಿರುವ ಹಾಗಿದ್ದರೆ ಅವನಿಗೆ ಕೋಚ್ ಯಾಕೆ ಬೇಕಿತ್ತು?

ಇಷ್ಟೆಲ್ಲ ಬೈದು, ಈಗ ಮೇಲ್ ತೆಗೆದು ನೋಡಿದೆ, ನನ್ನಿಂದ ಬಾರದ ಆ ಉತ್ತರ ಯಾವುದು ಅಂತ. ಮೂರನೇ ಕೊಟೇಶನ್. ಡ್ರಾಫ್ಟ್‌ನಲ್ಲೇ ಇದೆ, ಅಟ್ಯಾಚ್‌ಮೆಂಟ್ ಸಮೇತ. ‘ನಮಸ್ಕಾರ’ ಅಂತ ಬರೆದು, ಯಾವುದೋ ಫೋನ್ ಬಂತು ಅಂತ ಎದ್ದು ಹೋಗಿದ್ದೆ ಅನಿಸುತ್ತದೆ.

ಮತ್ತೆ ಅರ್ಜಿ ಹಾಕಬಹುದಂತೆ. ಮೊದಲಿನಿಂದ. ಅಕ್ಕನಿಗೆ ಈ ಭಾನುವಾರ ಬಿಡುವಿಲ್ಲ.