ಎಲ್ಲದಕ್ಕೂ ಸವಳು ನೀರೇ ಕಾರಣಾನಾ?

ಸಿಂಧನೂರಿನಲ್ಲಿ ಮೆಡಿಕಲ್ ಇಟ್ಟವನಿಗೆ ಕೂದಲಿನ ದೂರು ಕೇಳದ ದಿನ ಇಲ್ಲ. ದೂರು ಯಾರದೇ ಇರಲಿ, ಆರೋಪಿ ಮಾತ್ರ ಒಬ್ಬನೇ. "ಬೋರಿನ ನೀರ್ರೀ ಅಣ್ಣಾರ, ಪೂರಾ ಸವಳು. ತಲಿಮ್ಯಾಗ ಹಾಕ್ಕೊಂಡ್ರ ಸಾಕು, ಮುಷ್ಟಿಗಟ್ಲೆ ಬರ್ತಾವ." ಇಷ್ಟು ಹೇಳಿ ಕೈ ತೋರಿಸುವುದು ಎಣ್ಣೆ ಇಟ್ಟ ಕಡೆಗೇ. ಈ ಪೋಸ್ಟ್ ಹಾಕಿದರೆ ಎಣ್ಣೆ ಯಾಪಾರ ಬೀಳ್ತದೆ ಅಂತ ಅಂಗಡಿ ಹುಡುಗ ಈಗಾಗಲೇ ಮುಖ ಊದಿಸಿಕೊಂಡಿದ್ದಾನೆ. ಇರಲಿ.

ನೀರಿನ ಪಾತ್ರ ಏನೂ ಇಲ್ಲ ಅಂತಲ್ಲ. ಗಡಸು ನೀರಿನಲ್ಲಿ ಶಾಂಪೂ ಸರಿಯಾಗಿ ನೊರೆ ಬರಲ್ಲ, ಕೂದಲು ಒರಟಾಗ್ತದೆ, ಬಾಚುವಾಗ ನಡುವೆ ತುಂಡಾಗ್ತದೆ. ಆದರೆ ತುಂಡಾಗೋದು ಬೇರೆ, ಬುಡದಿಂದ ಕಳಚೋದು ಬೇರೆ. ಹಣಿಗೆಗೆ ಸಿಕ್ಕ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಕಂಡರೆ ಅದು ಬುಡದಿಂದಲೇ ಬಂದದ್ದು. ಬಹಳ ಜನ ಆ ಬಿಳಿ ಗಂಟು ನೋಡಿಯೇ ಗಾಬರಿ ಬೀಳ್ತಾರೆ, "ಬೇರೇ ಕಿತ್ಕೊಂಡು ಬಂತು, ಇನ್ನ ಹುಟ್ಟಂಗಿಲ್ಲ" ಅಂತ. ಹಾಗೇನಿಲ್ಲ. ಹೊಸ ಕೂದಲು ಹುಟ್ಟಿಸುವ ಬುಡ ಚರ್ಮದೊಳಗೇ ಉಳಿದಿರುತ್ತದೆ. ಇನ್ನು ಗಂಡಸರಿಗೆ ನೆತ್ತಿ ಖಾಲಿಯಾಗಿ ಕಿವಿಯ ಸುತ್ತ ಮಾತ್ರ ದಟ್ಟ ಉಳಿದಿರುತ್ತದಲ್ಲ, ಸವಳು ನೀರು ನೆತ್ತಿಗಷ್ಟೇ ಬೀಳ್ತದೇನು?

ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲಿರುತ್ತವೆ. ದಿನಕ್ಕೆ 50ರಿಂದ 100 ಉದುರುವುದು ಲೆಕ್ಕದೊಳಗಿನದ್ದೇ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು, ಬಿದ್ದುಹೋಗ್ತದೆ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಅಂದರೆ ಡೆಂಗಿ, ಟೈಫಾಯ್ಡ್, ಹೆರಿಗೆ, ಆಪರೇಷನ್ ಅಥವಾ ಊಟ ಬಿಟ್ಟು ತೂಕ ಇಳಿಸುವ ಹುಚ್ಚು, ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ಕೆಲಸ ನಿಲ್ಲಿಸುತ್ತವೆ. ಆದರೆ ಉದುರೋದು ಆಗಲೇ ಅಲ್ಲ, ಎರಡು ಮೂರು ತಿಂಗಳ ಮೇಲೆ. ಅಷ್ಟೊತ್ತಿಗೆ ಜ್ವರ ಬಂದಿದ್ದೇ ಮರೆತಿರ್ತೇವೆ. 2021ರ ಏಪ್ರಿಲ್-ಮೇನಲ್ಲಿ ಕೊರೊನಾ ಎರಡನೇ ಅಲೆ ಬಂತು. ಕೂದಲು ಹೋಗ್ತಾವೆ ಅಂತ ಜನ ಅಂಗಡಿಗೆ ಮುಗಿಬಿದ್ದದ್ದು ಮಳೆಗಾಲದಲ್ಲಿ. ಆಗಲೂ ಬೈಸಿಕೊಂಡದ್ದು ನೀರೇ! ಹಾಗಾಗಿ ಯಾರೇ ಬರಲಿ, ನಾನು ಮೊದಲು ಕೇಳೋದು ಮೂರು ತಿಂಗಳ ಹಿಂದೆ ಮೈಯಾಗ ಏನಾಗಿತ್ತು ಅಂತ.

ಈ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿತ್ತು. ಒಬ್ಬ ಬಾಣಂತಿ ಕಣ್ಣೀರು ಹಾಕ್ತಾ ಎಣ್ಣೆ ಕೇಳಲು ಬಂದಾಗ ಜತೆಗಿದ್ದ ಅಜ್ಜಿ ಅಂದಳು, "ಕೂಸು ನಗಾಕ ಹತ್ತಿತಂದ್ರ ತಾಯಿ ಕೂದ್ಲು ಹೋಗ್ತಾವ ಯವ್ವಾ, ಮತ್ತ ಬರ್ತಾವ." ಕೂಸು ಕೇಕೆ ಹಾಕಿ ನಗೋದು ಮೂರು ನಾಕು ತಿಂಗಳಿಗೆ. ಡಾಕ್ಟರು ಹೇಳೋದೂ ಅದನ್ನೇ. ವರ್ಷ ತುಂಬುವಷ್ಟರಲ್ಲಿ ಬಹುತೇಕರಿಗೆ ಮೊದಲಿನಂತಾಗ್ತದೆ. ರೀಲ್ಸ್‌ನಲ್ಲಿ ಮೊಣಕಾಲುದ್ದ ಜಡೆ ತೋರಿಸಿ ಎಣ್ಣೆ ಮಾರುವವರಿಗಿಂತ ಆ ಅಜ್ಜಿ ಎಷ್ಟೋ ವಾಸಿ.

ನನಗೆ ಸಿಟ್ಟು ಬರೋದು ಬೇರೆ ಕಡೆ. ನೀರಿಗೆ ತಪ್ಪು ಹೊರಿಸಿದರೆ ಮನೆಯಲ್ಲಿ ಯಾರೂ ಏನೂ ಬದಲಾಯಿಸಬೇಕಿಲ್ಲ. ಸೊಸೆಯ ಕೂದಲು ತೆಳ್ಳಗಾದರೆ ಎಣ್ಣೆ ತಂದುಕೊಟ್ಟು ಕೈ ತೊಳೆದುಕೊಳ್ಳಬಹುದು; ಅವಳು ಕೊನೆಗೆ ಉಂಡದ್ದೇನು, ತಿಂಗಳ ಮುಟ್ಟಿನಲ್ಲಿ ಎಷ್ಟು ರಕ್ತ ಹೋಗ್ತದೆ ಅಂತ ಕೇಳಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ. ಭತ್ತ ನಾಟಿಗೆ ಹೋಗಿ ಸಂಜೆ ಬಂದು ಕೌಂಟರಿನ ಮೇಲೆ ಕೈ ಚಾಚುವವರ ಉಗುರು ನೋಡಿದರೆ ತಿಳಿಯುತ್ತದೆ: ಬಿಳಚಿಕೊಂಡು, ಕೆಲವರದ್ದು ನಡುವೆ ತಗ್ಗು ಬಿದ್ದಿರುತ್ತದೆ. ಕಬ್ಬಿಣಾಂಶ ಕಮ್ಮಿಯಾದರೆ ಮೈ ಮೊದಲು ಉಳಿಸಿಕೊಳ್ಳೋದು ಜೀವವನ್ನ, ಕೂದಲನ್ನಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಗೆ ದುಡ್ಡಿಲ್ಲ, ಗುಳಿಗೆಗೂ ದುಡ್ಡಿಲ್ಲ. ಆದರೆ ಮಲ ಕಪ್ಪಾಯಿತು, ಹೊಟ್ಟೆ ಉರಿಯಿತು ಅಂತ ಅರ್ಧಕ್ಕೇ ಬಿಸಾಕ್ತಾರೆ. ಕಪ್ಪಾಗೋದು ಸಹಜ. ನುಂಗಿದ ಕೂಡಲೇ ಚಹಾ ಕುಡಿಯಬೇಡಿ, ಅದು ಕಬ್ಬಿಣ ಮೈಗೆ ಹತ್ತಗೊಡಲ್ಲ. ಊಟದ ಜತೆಗೂ ಅಷ್ಟೇ. ರೊಟ್ಟಿ ಪುಂಡಿಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಚಹಾ ಒಂದು ತಾಸು ತಡವಾಗಿ ಕುಡೀರಿ.

ರಕ್ತ ಸರಿಯಿದ್ದೂ ಉದುರುತ್ತಿದ್ದರೆ ಥೈರಾಯ್ಡ್ ನೋಡಿಸಬೇಕು. ಬೈತಲೆ ದಿನೇ ದಿನೇ ಅಗಲ ಆಗ್ತಾ, ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲು ಮೂಡಿದರೆ ಪಿಸಿಓಡಿ, ಅಂದರೆ ಹೆಂಗಸರ ಹಾರ್ಮೋನು ಏರುಪೇರಾಗುವ ತೊಂದರೆ, ಇರಬಹುದು. ಶಾಲೆ ಹುಡುಗಿಯರ ಹಣೆ ಪಕ್ಕ ಖಾಲಿಯಾಗೋದು ಎರಡು ಜಡೆಯನ್ನು ಜಗ್ಗಿ ಬಿಗಿದು ಕಟ್ಟಿದ್ದಕ್ಕೆ. ಹೆಲ್ಮೆಟ್ಟಿಗೂ ಬಕ್ಕತಲೆಗೂ ಸಂಬಂಧ ಇಲ್ಲ, ದಯವಿಟ್ಟು ಹಾಕ್ಕೊಳ್ಳಿ.

ಗಂಡುಹುಡುಗರದು ಮತ್ತೊಂದು ಕಥೆ. ಕನ್ಯಾ ನೋಡೋಕೆ ಶುರುಮಾಡಿದ ಮೇಲೆ ಬರ್ತಾರೆ, ಅದೂ ಅಂಗಡಿ ಖಾಲಿ ಇರೋ ಹೊತ್ತು ನೋಡಿ. ಬಹುತೇಕ ಇದು ವಂಶದ್ದು, ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ. ಗಂಡಸರ ಹಾರ್ಮೋನಿನಿಂದ ಹುಟ್ಟುವ ಡಿಎಚ್‌ಟಿ ನೆತ್ತಿಯ ಕೂದಲನ್ನು ವರ್ಷದಿಂದ ವರ್ಷಕ್ಕೆ ಸಣ್ಣಗೆ ಮಾಡ್ತದೆ. ಇದಕ್ಕೆ ಔಷಧಿ ಇದೆ. ಮಿನಾಕ್ಸಿಡಿಲ್ ಮೊದಲು ಬಿಪಿ ಗುಳಿಗೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ಔಷಧಿಯಾಯಿತು. ಹಚ್ಚಿದ ಮೊದಲ ವಾರಗಳಲ್ಲಿ ಉದುರೋದು ಹೆಚ್ಚಾಗಬಹುದು, ಆಗಲೇ ಹೆದರಿ ಬಾಟಲಿ ಮೂಲೆಗೆ ಒಗೀತಾರೆ. ನಾಲ್ಕಾರು ತಿಂಗಳು ತಾಳ್ಮೆ ಬೇಕು, ಬಿಟ್ಟರೆ ಬಂದದ್ದೂ ಹೋಗ್ತದೆ. ಡಿಎಚ್‌ಟಿ ತಗ್ಗಿಸುವ ಫಿನಾಸ್ಟೆರೈಡ್ ಗುಳಿಗೆಯನ್ನು ಡಾಕ್ಟರ್ ಚೀಟಿ ಇಲ್ಲದೆ ನಾನಂತೂ ಕೊಡಲ್ಲ, ಬೈದರೂ ಸರಿ. ಮನೆಯಲ್ಲಿ ಬಸುರಿ ಇದ್ದರೆ ಒಡೆದ ಫಿನಾಸ್ಟೆರೈಡ್ ಗುಳಿಗೆ ಅವಳ ಕೈಗೂ ತಾಕಬಾರದು. ಹೊಟ್ಟೆಯಲ್ಲಿ ಗಂಡು ಕೂಸಿದ್ದರೆ ತೊಂದರೆ.

ದುಂಡಗೆ ರೂಪಾಯಿಯಷ್ಟಗಲ ನುಣ್ಣಗಾದರೆ "ಹುಳ ತಿಂದಾವ" ಅಂತ ಬಳ್ಳೊಳ್ಳಿ ತಿಕ್ಕಿ ಚರ್ಮ ಸುಟ್ಟುಕೊಂಡು ಬರ್ತಾರೆ. ಹುಳವೂ ಇಲ್ಲ ಏನೂ ಇಲ್ಲ. ನಮ್ಮ ಮೈಯ ರಕ್ಷಣೆಯ ಪಡೆಯೇ ತಿರುಗಿಬಿದ್ದು ಕೂದಲಿನ ಬುಡದ ಮೇಲೆ ದಾಳಿ ಮಾಡಿರುತ್ತದೆ. ಆದರೆ ಮಕ್ಕಳ ತಲೆಯಲ್ಲಿ ಹೊಟ್ಟು ಎದ್ದು ಕೂದಲು ಮುರಿದಿದ್ದರೆ ಅದು ಬಹುಶಃ ಫಂಗಸ್, ಬರೀ ಮುಲಾಮಿಗೆ ಹೋಗಲ್ಲ, ಹೊಟ್ಟೆಗೂ ಔಷಧಿ ಬೇಕು. ಎರಡಕ್ಕೂ ಚರ್ಮದ ಡಾಕ್ಟರನ್ನೇ ಕಾಣಬೇಕು.

ಇನ್ನೊಂದು ಮಾತು. ಕೂದಲಿಗೆ ಅಂತ ಬಯೋಟಿನ್ ಎಂಬ ವಿಟಮಿನ್ ಗುಳಿಗೆ ನುಂಗ್ತಿರೋರು ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುವ ಮುಂಚೆ ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ, ಎರಡು ದಿನ ಮೊದಲೇ ನಿಲ್ಲಿಸಬೇಕಾ ಅಂತ ಕೇಳಿಕೊಳ್ಳಿ. ಅದು ರಕ್ತದಲ್ಲಿದ್ದರೆ ರಿಪೋರ್ಟ್ ತಪ್ಪು ಬರಬಹುದು.