ಗಾಲ್ಫ್ ಪಾರ್ಟ್ನರ್ ಆರಿಸೋವಾಗ ನಾನು ಸ್ಕೋರ್ ನೋಡಲ್ಲ

ಯಾರಾದ್ರೂ ಹೊಸಬರು ನಮ್ಮ ಜೊತೆ ಆಡೋಕೆ ಬರ್ತೀನಿ ಅಂದ್ರೆ ಫ್ರೆಂಡ್ಸ್ ಮೊದಲು ಕೇಳೋದು ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ಹೇಳೋ ಅಂಕಿ) ಎಷ್ಟು ಅಂತ. ನನಗೆ ಅದು ಮುಖ್ಯಾನೇ ಅಲ್ಲ, ಹ್ಯಾಂಡಿಕ್ಯಾಪ್ ಅನ್ನೋ ಲೆಕ್ಕ ಇರೋದೇ ಪಳಗಿದೋರು ಕಲಿಯೋರು ಒಟ್ಟಿಗೆ ಆಡ್ಲಿ ಅಂತ ಅಲ್ವಾ. ನನ್ನ ಬಾಲ್ ಪೊದೆ ಒಳಗೆ ಹೋದಾಗ ಈ ಮನುಷ್ಯ ಏನ್ ಮಾಡ್ತಾನೆ ಅನ್ನೋದನ್ನ ನಾನು ನೋಡ್ತೀನಿ. 2019ರಲ್ಲಿ ರೂಲ್ಸ್ ಬದಲಾದ್ಮೇಲೆ ಬಾಲ್ ಹುಡುಕೋಕೆ ಇರೋದು 3 ನಿಮಿಷ ಅಷ್ಟೇ, ಮೊದಲು 5 ಇತ್ತು. ಒಬ್ಬನೇ ತಡಕಾಡಿದ್ರೆ ಆ ಟೈಮ್ ಎಲ್ಲಿ ಸಾಲುತ್ತೆ? ಜೊತೆಗಿರೋರು ತಮ್ಮ ಬಾಲ್ ಬಿಟ್ಟು ಬಂದು ಹುಲ್ಲಿಗೆ ಕಾಲು ಹಾಕ್ಬೇಕು, ಅಲ್ಲೇ ದೂರದಲ್ಲಿ ನಿಂತು ವಾಚ್ ನೋಡ್ಕೊಳ್ಳೋರ ಜೊತೆ ಏನ್ ಆಟ ಹೇಳಿ.

18 ಹೋಲ್ ಮುಗಿಸೋಕೆ ನಾಲ್ಕು ಗಂಟೆ ಬೇಕು, ಅದ್ರಲ್ಲಿ ನಿಜವಾಗ್ಲೂ ಬಾಲ್‌ಗೆ ಹೊಡೆಯೋದು ಕೆಲವೇ ನಿಮಿಷ, ಮಿಕ್ಕಿದ್ದೆಲ್ಲ ನಡೆಯೋದು ಕಾಯೋದು ಮಾತಾಡೋದು. ಪಟ್ ಮಾಡೋವಾಗ, ಅಂದ್ರೆ ಬಾಲನ್ನ ಮೆಲ್ಲಗೆ ಹೋಲ್ ಕಡೆ ಉರುಳಿಸೋವಾಗ, ಅದು ಹೋಗೋ ಲೈನ್ ತುಳಿಬಾರ್ದು, ನೆರಳು ಬೀಳಿಸ್ಬಾರ್ದು, ಬಂಕರ್ ಅನ್ನೋ ಮರಳುಗುಂಡಿಯಿಂದ ಎದ್ದ ಮೇಲೆ ರೇಕ್ ಎಳೆದು ಮರಳು ಸಮ ಮಾಡ್ಬೇಕು, ಇವೆಲ್ಲ ಎಲ್ರೂ ಬೇಗ ಕಲೀತಾರೆ. ಕಲಿಯದೇ ಇರೋದು ಬಾಯಿ ಮುಚ್ಕೊಂಡಿರೋದನ್ನ. ಒಂದು ಶಾಟ್ ತಪ್ಪಿದ್ರೆ ಸಾಕು, ತಲೆ ಎತ್ತಿದೆ ನೀನು, ಗ್ರಿಪ್ ಸರಿ ಇಲ್ಲ, ಸೊಂಟ ತಿರುಗಿಸು ಅಂತ ಶುರು. ಕಾಂಪಿಟಿಷನ್‌ನಲ್ಲಿ ಎದುರಾಳಿಗೆ ಹೀಗೆ ಸಲಹೆ ಕೊಟ್ರೆ ಪೆನಾಲ್ಟಿನೇ ಬೀಳುತ್ತೆ, ಆದ್ರೆ ಭಾನುವಾರದ ಆಟದಲ್ಲಿ ಎಲ್ರೂ ಕೋಚ್! ಪಾಪ ಹೊಸದಾಗಿ ಬಂದ ಹುಡುಗಿಯೋ ಹುಡುಗನೋ ಆರನೇ ಹೋಲ್ ಹೊತ್ತಿಗೆ ಕ್ಲಬ್ ಹಿಡಿಯೋದೇ ಮರ್ತಿರ್ತಾರೆ. ಕೇಳಿದ್ರೆ ಹೇಳಿ, ಕೇಳದೇ ಹೇಳ್ಬೇಡಿ ದಯವಿಟ್ಟು.

ಅಮೆರಿಕ ಮತ್ತು ಬ್ರಿಟನ್ ತಂಡಗಳು ಆಡಿದ 1969ರ ರೈಡರ್ ಕಪ್ ಕಥೆ ನನಗೆ ಎಷ್ಟು ಸಲ ಓದಿದ್ರೂ ಸಾಕಾಗಲ್ಲ. ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್, ಕೊನೇ ಮ್ಯಾಚ್, ಕೊನೇ ಹೋಲ್, ಅಮೆರಿಕದ ಜ್ಯಾಕ್ ನಿಕ್ಲಾಸ್ ತನ್ನ ಪಟ್ ಹಾಕಿ ಆಗಿದೆ, ಬ್ರಿಟನ್ನಿನ ಟೋನಿ ಜ್ಯಾಕ್ಲಿನ್‌ಗೆ ಎರಡು ಮೂರು ಅಡಿ ಪಟ್ ಬಾಕಿ, ಅದು ತಪ್ಪಿದ್ರೆ ಅಮೆರಿಕ ಗೆಲ್ಲುತ್ತೆ. ನಿಕ್ಲಾಸ್ ಬಾಲ್ ಇದ್ದ ಜಾಗ ಗುರುತಿಸೋ ಜ್ಯಾಕ್ಲಿನ್‌ನ ಮಾರ್ಕರ್ ಎತ್ತಿ ಕೊಟ್ಟುಬಿಟ್ರು, ನೀನು ಹಾಕೋದೇ ಬೇಡ, ಹಾಕಿದ ಹಾಗೇ ಲೆಕ್ಕ ಅಂತ. 16-16, ರೈಡರ್ ಕಪ್‌ನಲ್ಲಿ ಅದೇ ಮೊದಲ ಟೈ. ಅಮೆರಿಕದ ಕ್ಯಾಪ್ಟನ್ ಸ್ಯಾಮ್ ಸ್ನೀಡ್‌ಗೆ ಸಿಟ್ಟು ಬಂತು. ಕಪ್ ಹಿಂದಿನ ಸಲ ಗೆದ್ದಿದ್ದ ಅಮೆರಿಕದ ಹತ್ರಾನೇ ಉಳೀತು, ಆದ್ರೂ ಗೆಲ್ಲೋ ಚಾನ್ಸ್ ಬಿಡೋದು ಸಣ್ಣ ವಿಷಯ ಅಲ್ಲ. ಅಲ್ಲಿಂದ ನಿಕ್ಲಾಸ್, ಜ್ಯಾಕ್ಲಿನ್ ಇಬ್ಬರೂ ಎಷ್ಟು ಹತ್ತಿರ ಆದ್ರು ಅಂದ್ರೆ ಮುಂದೆ ಫ್ಲಾರಿಡಾದಲ್ಲಿ ಸೇರಿ ಒಂದು ಕೋರ್ಸನ್ನೇ ಡಿಸೈನ್ ಮಾಡಿದ್ರು.

ಇನ್ನು ಆಡೋರ ಬ್ಯಾಗ್ ಹೊತ್ತು ಜೊತೆಗೆ ನಡೆಯೋ ಕ್ಯಾಡಿಗಳ ವಿಷಯ. ಇದನ್ನ ಹೇಳದೇ ಇರೋಕಾಗಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಸ್ಟ್ರೋಕ್‌ನಲ್ಲಿ ಮೆಡಲ್ ತಪ್ಪಿಸ್ಕೊಂಡು ನಾಲ್ಕನೇ ಸ್ಥಾನಕ್ಕೆ ಬಂದಾಗ ಬ್ಯಾಗ್ ಹೊತ್ತು ಜೊತೆಗೆ ನಡೆದಿದ್ದು ಅವರಮ್ಮ, ಟಿವಿ ಮುಂದೆ ಕೂತು ನಾವೆಲ್ಲ ಅವರಿಬ್ರನ್ನೂ ಹೊಗಳಿದ್ವಿ. ಅದೇ ನಾವು ನಮ್ಮ ಕೋರ್ಸ್‌ನಲ್ಲಿ ಬೆಳಗ್ಗೆ ಐದೂವರೆಗೆ ಬಂದು ಕಾಯೋ ಕ್ಯಾಡಿಗೆ ಒಂದು ಪಟ್ ತಪ್ಪಿದ್ದಕ್ಕೆ ಎಲ್ಲರ ಮುಂದೆ ಬೈತೀವಲ್ಲ, ಲೈನ್ ಅವನು ಹೇಳಿದ್ದೇ ಇರಬಹುದು, ಹೊಡೆದ ಕೈ ನಿಮ್ದಲ್ವಾ? ಅವರೂ ಆ ನಾಲ್ಕು ಗಂಟೆ ನಮ್ಮ ಜೊತೆ ಆಡ್ತಿರೋರೇ. ಹೆಸರು ಹಿಡಿದು ಮಾತಾಡ್ಸಿ, ಟೀ ಕುಡಿಯೋವಾಗ ಅವರಿಗೂ ಒಂದು ಹೇಳಿ. ಕ್ಯಾಡಿ ಮೇಲೆ ಕೂಗಾಡೋರನ್ನ ಎಷ್ಟೇ ಚೆನ್ನಾಗಿ ಆಡಿದ್ರೂ ನಾನು ಎರಡನೇ ಸಲ ಕರೆಯಲ್ಲ, ನಾಲ್ಕು ಜನ ಆಡೋ ಫೋರ್‌ಬಾಲ್‌ಗೆ ಒಬ್ಬರು ಕಮ್ಮಿ ಬಿದ್ರೆ ಮೂರೇ ಜನ ಆಡ್ಕೋತೀವಿ.